ಮಾವನ ಹಣ, ನನ್ನ ಶೀಟು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಬರೆಯುವವನಲ್ಲ, ಲೆಕ್ಕ ಇಡುವವನು. ನಗುವ ಜಾಗ ಬರುವ ಮೊದಲೇ ವಿವರಿಸಿ ಕೆಡಿಸುತ್ತೇನೆ ಎಂದು ಮನೆಯಲ್ಲಿ ಹೇಳುತ್ತಾರೆ. ಆದರೂ ಕಂಪ್ಯೂಟರಿನಲ್ಲಿ ಶೀಟು ಮಾಡಿಕೊಂಡು ಉಳಿತಾಯದ ಲೆಕ್ಕ ಇಡುವವನಿಗೆ ನಗು ಬರಿಸುವಂಥವು ಆಗುತ್ತಲೇ ಇರುತ್ತವೆ.

ಶೀಟು ಎಂದರೆ ಛಾವಣಿಗೆ ಹೊದಿಸುವ ಶೀಟಲ್ಲ. ಹೆಂಚಿಗೆ ಹೆಸರಾದ ನಮ್ಮ ಮಾಲೂರಿನಲ್ಲಿ ಇದನ್ನು ಹೇಳಲೇಬೇಕು, ಪಕ್ಕದ ಮನೆಯವರು ಒಮ್ಮೆ ದರ ಕೇಳಿಕೊಂಡು ಬಂದಿದ್ದರು. ಇದು ಮನೆ ಮನೆಯಾಗಿ ಗೆರೆ ಎಳೆದ ಪಟ್ಟಿ. ಯಾವ ಷೇರು, ಯಾವ ಫಂಡು, ಎಷ್ಟಕ್ಕೆ ಕೊಂಡೆ, ಇವತ್ತು ಎಷ್ಟಾಗಿದೆ, ಎಲ್ಲ ಅದರಲ್ಲಿದೆ. ನಾನೇ ಮಾಡಿದ್ದು. ಹೇಳಿಕೊಳ್ಳಬಾರದು, ಆದರೆ ಚೆನ್ನಾಗಿದೆ.

ಅದರಲ್ಲಿರುವ ಹಣ ಹೆಚ್ಚಿನಂಶ ನಮ್ಮ ಮಾವನವರದು. ಶ್ರೀನಿವಾಸಪುರದ ಕಡೆ ಮಾವಿನ ತೋಟದವರು. ತೋಟದ ಒಂದು ಮೂಲೆ ಮಾರಿದಾಗ ಮಗಳ ಪಾಲೆಂದು ಕೊಟ್ಟರು. ಸೈಟು ಕೊಳ್ಳಲಿ ಎಂಬುದು ಅವರ ಆಸೆ. ನಾನು ಫಂಡಿಗೆ ಹಾಕಿದೆ. “ಬರೋ ಮಾವಿನ ಸುಗ್ಗಿಗೆ ಬಂದು ನೋಡ್ತೀನಿ. ನಂಬಿಕೆ ಬರಲಿಲ್ಲಾಂದ್ರೆ ಎಲ್ಲಾ ತೆಗೆದು ಸೈಟಿಗೇ ಹಾಕಬೇಕು” ಎಂದರು. ಒಪ್ಪಿಕೊಂಡೆ.

ಸೆಲ್

ಶೀಟಿನ ಒಂದೊಂದು ಮನೆಗೂ ಸೆಲ್ ಎನ್ನುತ್ತಾರೆ. ಮಾರುವುದಕ್ಕೂ ಸೆಲ್ ಎನ್ನುತ್ತಾರೆ. ಇದು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಒಂದು ಬೆಳಿಗ್ಗೆ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಬ್ಯಾಂಕ್ ಷೇರಿನ ಮುಂದೆ ತಪ್ಪು ಅಂಕಿ ಹಾಕಿದ್ದು ನೆನಪಾಗಿ ಹೆಂಡತಿಗೆ ಫೋನ್ ಮಾಡಿದೆ. “ಬ್ಯಾಂಕಿನ ಸೆಲ್ ಇದೆಯಲ್ಲ, ಪೂರ್ತಿ ಖಾಲಿ ಮಾಡು. ಈಗಲೇ ಮಾಡು” ಎಂದೆ. ಎದುರು ಕೂತಿದ್ದ ಒಬ್ಬರು ಮೆಲ್ಲಗೆ ಮೊಬೈಲ್ ತೆಗೆದು ತಮ್ಮ ಬ್ಯಾಂಕ್ ಷೇರನ್ನೆಲ್ಲ ಮಾರಿಬಿಟ್ಟರು. ಮಾರನೆಯ ದಿನ ಅದರ ಬೆಲೆ ಬಿತ್ತು. ಅಂದಿನಿಂದ ಅವರು ನನಗೆ ಕಿಟಕಿ ಪಕ್ಕದ ಸೀಟು ಹಿಡಿದಿಟ್ಟು, “ಇವತ್ತು ಯಾವ ಸೆಲ್, ಗುರುಗಳೇ?” ಎಂದು ಕೇಳುತ್ತಾರೆ. ಜೀವನದಲ್ಲಿ ನಾನಾಗಿಯೇ ವಿವರಿಸದೆ ಬಿಟ್ಟ ವಿಷಯ ಇದೊಂದೇ.

ಹಣ್ಣು

ಮಾವನವರ ಒಪ್ಪಿಗೆಗೆ ಮುಂಚೆಯೇ ಸ್ವಲ್ಪ ನೆಲ ಹದ ಮಾಡೋಣ ಎಂದು, ಅವರು ಯುಗಾದಿಗೆ ಬಂದಾಗ ಶೀಟು ತೋರಿಸಿದೆ. ಲಾಭಕ್ಕೆ ಹಸಿರು ಬಣ್ಣ, ನಷ್ಟಕ್ಕೆ ಕೆಂಪು. ಎಲ್ಲ ಹಸಿರಾಗಿತ್ತು, ಎರಡು ಮಾತ್ರ ಕೆಂಪು. ನಾನು ಎದೆ ಉಬ್ಬಿಸಿ ನಿಂತಿದ್ದೆ.

ಮಾವ ಕನ್ನಡಕ ಏರಿಸಿ ನೋಡಿ, “ಅನ್ನೀ ಪಚ್ಚಿಕಾಯಲೇ” ಎಂದರು. ಬೇಜಾರಾದರೆ ಅವರಿಗೆ ತೆಲುಗೇ ಬರುವುದು. ಎಲ್ಲ ಬರೀ ಹಸಿಕಾಯಿ ಎಂದರ್ಥ. ಹಸಿರೆಂದರೆ ಲಾಭ ಎಂದು ವಿವರಿಸಿದೆ. “ಕಾಯಿ ಲಾಭ ಹೆಂಗಾಗ್ತದಪ್ಪಾ? ಹಣ್ಣಾಗಿರೋದು ಎರಡೇ ಅಲ್ವಾ?” ಎಂದರು. ಮತ್ತೂ ವಿವರಿಸಿದೆ. ಅವರು ಎದ್ದು ಊಟಕ್ಕೆ ಹೋದರು.

ಸೋತು, ಆ ರಾತ್ರಿ ಲಾಭಕ್ಕೇ ಕೆಂಪು ಬಣ್ಣ ಕೊಟ್ಟು ಮಲಗಿದೆ. ಬೆಳಿಗ್ಗೆ ಅದು ಮರೆತು ಶೀಟು ತೆರೆದವನು ಮೇಲಿಂದ ಕೆಳಗಿನವರೆಗೂ ಕೆಂಪು ಕಂಡು ಎದೆ ಹಿಡಿದುಕೊಂಡು ಕುಸಿದೆ. ಹೆಂಡತಿ ನೀರು ತಂದವಳು ಪರದೆ ನೋಡಿ, “ಏನೂ ಆಗಿಲ್ಲ ಏಳ್ರೀ, ಹಣ್ಣಾಗಿದೆ” ಎಂದಳು.

ಬೇಲಿ

ಸುಗ್ಗಿ ಬಂತು, ಮಾವನೂ ಬಂದರು. ಇವತ್ತು ಸೈಟೋ ಶೀಟೋ ತೀರ್ಮಾನ. “ಒಟ್ಟು ಎಷ್ಟಾಗಿದೆ ಅಷ್ಟು ಮಾತ್ರ ತೋರಿಸಪ್ಪ. ನೀನು ಮಾತಾಡಬೇಡ” ಎಂದರು. ಕೊನೆಯ ಸಾಲಿಗೆ ಹೋದೆ. ಅಲ್ಲಿ ಅಂಕಿಯೇ ಇಲ್ಲ, ######## ಎಂದು ಬಂದಿತ್ತು.

ಮಾವ ಬಗ್ಗಿ ಆ ಗುರುತುಗಳ ಮೇಲೆ ಬೆರಳಾಡಿಸಿದರು. ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಆಮೇಲೆ ಅಡುಗೆಮನೆ ಕಡೆ ತಿರುಗಿ, “ಬಾಮ್ಮಾ ಇಲ್ಲಿ. ದುಡ್ಡಿಗೆ ಬೇಲಿ ಹಾಕಿದಾನೆ ನಿನ್ನ ಗಂಡ” ಎಂದರು.

ನಾನು ಬಾಯಿ ತೆರೆದೆ. ಹೆಂಡತಿ ಕಾಲು ತುಳಿದಳು.

“ಬೇಲಿ ಬಿದ್ದ ಮೇಲೆ ಆಸ್ತೀನೇ ಅದು. ಸೈಟು ಬೇಡ ಬಿಡಪ್ಪ” ಎಂದು ಮಾವ ನನ್ನ ಬೆನ್ನು ತಟ್ಟಿದರು. ಮದುವೆಯಾದ ಮೇಲೆ ಅವರು ತಟ್ಟಿದ್ದು ಅದೇ ಮೊದಲು.

ಅವರಿಗೆ ಹೇಳಲಾಗಲಿಲ್ಲ, ನಿಮಗಾದರೂ ಹೇಳುತ್ತೇನೆ. ಅದು ಬೇಲಿಯಲ್ಲ. ಮೊತ್ತ ಬೆಳೆದು ಒಂದು ಅಂಕಿ ಜಾಸ್ತಿಯಾಗಿತ್ತು, ಆ ಮನೆಯಲ್ಲಿ ಹಿಡಿಸಲಿಲ್ಲ, ಅಷ್ಟೇ. ಹಣ ಬೆಳೆದದ್ದಕ್ಕೇ ಹಾಗಾದದ್ದು, ಇದು ಮುಖ್ಯ. ಅವರು ಹೋದ ಮೇಲೆ ಆ ಸೆಲ್ಲನ್ನು ಅಗಲ ಮಾಡಿದೆ, ಸರಿಹೋಯಿತು. ಹೇಗೆಂದರೆ, ಮೇಲೆ ಎರಡು ಅಕ್ಷರಗಳ ನಡುವೆ ಸಣ್ಣ ಗೆರೆ ಇರುತ್ತದೆ, ಅದನ್ನು ಹಿಡಿದು ಬಲಕ್ಕೆ…

ಇರಿ, ಹೆಂಡತಿ ಕರೆಯುತ್ತಿದ್ದಾಳೆ. ಮಾವ ಬಂದಿದ್ದಾರಂತೆ, ಊರಿನವರನ್ನೂ ಕರೆತಂದಿದ್ದಾರಂತೆ, ಬೇಲಿ ತೋರಿಸಲು. ಅವರು ಚಪ್ಪಲಿ ಬಿಡುವುದರೊಳಗೆ ಆ ಸೆಲ್ಲನ್ನು ಮತ್ತೆ ಕಿರಿದು ಮಾಡಬೇಕು.