ಹೊಸ್ತಿಲಾಚೆ ಕೂತ ನಮ್ಮತ್ತೆ

ಪಾರ್ಶ್ವವಾಯು ನಮ್ಮ ಸೋದರತ್ತೆಯನ್ನು ಹೊಡೆಯಿತೋ, ಸೋದರತ್ತೆಯೇ ಪಾರ್ಶ್ವವಾಯುವನ್ನು ಹೊಡೆದಳೋ ಎಂಬುದು ಕೊಟ್ಟೂರು ಪಕ್ಕದ ನಮ್ಮೂರಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ!

ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ನೋಡಿ. ಕೈ, ಬಾಯಿ ಎರಡೂ ಸುಧಾರಿಸಿದ್ದವು. ಬಾಯಿ ತುಸು ಹೆಚ್ಚೇ ಸುಧಾರಿಸಿತ್ತು. ಬಲಪಾದ ಮಾತ್ರ ಮೇಲೇಳದೆ, ಬೆರಳು ನೆಲ ಕೆರೆಯುತ್ತಿತ್ತು. ಬಾಗಿಲಿಗೆ ಬಂದವಳು ನಿಂತುಬಿಟ್ಟಳು. ಗೇಣೆತ್ತರದ ಹೊಸ್ತಿಲು! ಮದುವೆಯಾಗಿ ಬಂದಾಗಿನಿಂದ ದಿನಾ ಅರಿಸಿನ ಹಚ್ಚಿ ಪೂಜಿಸಿದ್ದಕ್ಕೆ ಕಾಲು ತಾಗಿಸುವುದುಂಟೆ?

“ಎತ್ತಿಕೊಂಡು ಒಯ್ತೀವಿ ಬಾ ಅತ್ತಿ” ಎಂದೆ.

“ನಾಕು ಮಂದಿ ಎತ್ತಿ ಈ ಹೊಸ್ತಿಲು ದಾಟಿಸೋದು ಒಮ್ಮೆ ಐತಿ. ಅದಕ್ಕ ಈಗ ಅವಸರ ಇಲ್ಲ!”

ಬಡಗಿಯನ್ನು ಕರೆಸಿ ಹೊಸ್ತಿಲು ತಗ್ಗಿಸುತ್ತೇನೆಂದರು ಮಾವ.

“ನನ್ನ ಕಾಲು ಏಳವಲ್ದು ಅಂತ ಮನಿ ತಲಿ ತಗ್ಗಿಸಬೇಕೇನು? ಮುಟ್ಟಿ ನೋಡ್ರಿ!”

ಸರಿ, ಜಗಲಿಯೇ ಅರಮನೆಯಾಯಿತು. ಅಡುಗೆಮನೆಯ ದಿಕ್ಕೇ ತಿಳಿಯದ ಮಾವ ಒಲೆ ಮುಂದೆ, ಅಪ್ಪಣೆ ಜಗಲಿಯಿಂದ.

“ಸಾಸಿವಿ ಸಿಡೀತಾ?”

“ಇಲ್ಲ.”

“ಮತ್ತ ಹೊಗಿ ಯಾಕ ಬರ್ತೈತಿ?”

“ಅದು ನನ್ನ ಟವೆಲ್ಲು!”

ಆಮೇಲೆ ಹಗರಿಬೊಮ್ಮನಹಳ್ಳಿಯಿಂದ ಫಿಜಿಯೋಥೆರಪಿ ಡಾಕ್ಟರಮ್ಮ ಬಂದರು. ಮೊಣಕಾಲ ಕೆಳಗೆ ಎರಡು ಪಟ್ಟಿ ಅಂಟಿಸಿ, ಪುಟ್ಟ ಡಬ್ಬಿಗೆ ತಂತಿ ಜೋಡಿಸಿ, “ಸಣ್ಣಗೆ ಕರೆಂಟು ಬಿಡ್ತೀನ್ರಿ, ಪಾದ ಏಳ್ತೈತಿ” ಎಂದರು.

“ತಡೀರಿ!” ಅತ್ತೆ ಮಾವನ ಕಡೆ ತಿರುಗಿದಳು. “ಹೊಲಕ್ಕ ಹೋಗಿ ತ್ರೀ ಫೇಸ್ ಬಂದೈತಾ ನೋಡ್ಕೊಂಡು ಬರ್ರಿ. ಸಿಂಗಲ್ ಫೇಸಿನಾಗ ಬೋರಿನ ಮೋಟರೇ ಏಳಂಗಿಲ್ಲ, ನನ್ನ ಕಾಲು ಎದ್ದೀತೇನು?”

ಮಾವ ಹೊರಟೇಬಿಟ್ಟಿದ್ದರು! ಅದು ಬ್ಯಾಟರಿಯಲ್ಲಿ ನಡೆಯುತ್ತದೆಂದು ಡಾಕ್ಟರಮ್ಮ ಕೂಗಿ ಕರೆಯಬೇಕಾಯಿತು. ಗುಂಡಿ ಒತ್ತಿದ್ದೇ ತಡ, ಎರಡು ತಿಂಗಳು ಮುನಿಸಿಕೊಂಡಿದ್ದ ಪಾದ ಚಕ್ಕನೆ ಎದ್ದಿತು. ಅತ್ತೆ ಅದನ್ನೇ ದುರುಗುಟ್ಟಿ ನೋಡಿದಳು. “ಲೇ, ನಾ ಕರದ್ರ ಏಳಲಿಲ್ಲ, ಡಬ್ಬಿ ಕರದ್ರ ಏಳ್ತೀಯಾ?”

ಅಂದಿನಿಂದ ಡಾಕ್ಟರಮ್ಮ ಬಿಟ್ಟುಹೋದ ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳದಲ್ಲಿ ಕವಾಯತು. ಒಂದು ಇಟ್ಟಿಗೆ ಇಟ್ಟು ದಾಟುವುದು, ಆಮೇಲೆ ಎರಡು. ಒಮ್ಮೆ ಬಿದ್ದಳು. ಎಬ್ಬಿಸಿದರೆ, “ನಾ ಎಲ್ಲಿ ಬಿದ್ದೆ? ಇಟ್ಟಿಗಿ ಸರೀತು!”

ಹಿಟ್ಟಿನ ಗಿರಣಿ ನಡೆಸುವ ನೆರೆಯವನು ಬಂದು ನಕ್ಕ: “ಕರೆಂಟಿನಾಗ ನಡದದ್ದು ನಡಿಗಿ ಏನಬೇ?”

“ನಿನ್ನ ಗಿರಣಿ ಕರೆಂಟಿನಾಗ ಬೀಸಿದ್ದು ಹಿಟ್ಟಲ್ಲ ಅಂತ ಊರಾಗ ಡಂಗುರ ಹೊಡಿ. ಆಮ್ಯಾಲ ನನ್ನ ನಡಿಗಿ ಮಾತಾಡು!”

ಅವನು ಮತ್ತೆ ಆ ದಾರಿಗೆ ಬರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ತಾನೇ ಬಾಗಿಲ ಮುಂದೆ ನಿಂತಳು. ಎಡಗೈ ಚೌಕಟ್ಟಿನ ಮೇಲೆ, ಡಬ್ಬಿ ಸೊಂಟದಲ್ಲಿ. ಬಲಗಾಲು ಎದ್ದಿತು. ಬೆರಳು ಹೊಸ್ತಿಲ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿ ತೇಲಿ ಒಳಗೆ ಇಳಿಯಿತು. ಹಿಂದೆಯೇ ಎಡಗಾಲು.

ನಾನು ಚಪ್ಪಾಳೆ ತಟ್ಟಿದೆ. ಈಗೊಂದು ಜಬರದಸ್ತು ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಅತ್ತೆ ಒಳಗೋಡೆಗೆ ಒರಗಿ ನಿಂತಿದ್ದಳು.

“ಹೊಸ್ತಿಲದು ಬರೀ ನೆವ ತಮ್ಮಾ. ನಿಮ್ಮಜ್ಜಿ ಹಿಂಗ ಆದಾಗ ಒಳಗ ಒಯ್ದು ಮಲಗಿಸಿದ್ರು. ಏಳಲೇ ಇಲ್ಲ. ನಾನೂ ಒಳಗ ಹೋದ್ರ ಹಂಗ ಆಗ್ತೀನಿ ಅಂತ… ಭಾಳ ಅಂಜಿದ್ದೆ.”

ಒಲೆ ಬಿಟ್ಟು ಬಂದಿದ್ದ ಮಾವ ಕೆಳಗೆ ಕೂತು, ಅವಳ ಬಲಪಾದವನ್ನು ಮಡಿಲಿಗೆ ತೆಗೆದುಕೊಂಡು, ಬೆರಳಿಗೆ ಹತ್ತಿದ್ದ ಮಣ್ಣನ್ನು ಧೋತರದ ಅಂಚಿನಿಂದ ಒರೆಸತೊಡಗಿದರು. ಗಂಡ ಕಾಲು ಮುಟ್ಟಿದ್ದಕ್ಕೆ ಅತ್ತೆ ಮನೆ ಹಾರಿಹೋಗುವಂತೆ ಬಯ್ಯುತ್ತಾಳೆಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧನಾದೆ.

ಅವಳು ಅವರ ತಲೆಯ ಮೇಲೆ ಮೆಲ್ಲಗೆ ಕೈಯಿಟ್ಟಳು.