ಅತ್ತೆಯ ಕ್ಷಮಾಪಣೆ: ಅಸಲಿಯೋ ನಕಲಿಯೋ

ಕನ್ನಡಕದಂಗಡಿಯ ಯಜಮಾನರಿಗೆ ಆ ವಾರ ದೇಶದ ಮೇಲೂ ಕೋಪ, ಫೋನಿನ ಮೇಲೂ ಕೋಪ. ದೇಶದ ಮೇಲಿನದು ಹಳೆಯದು. ಪ್ರತಿ ಮಹಾಚುನಾವಣೆಗೂ ಧೂಳು ಕೊಡವಿ ಹೊರತೆಗೆಯುವಂಥದ್ದು. ಫೋನಿನ ಮೇಲಿನದು ಮಾತ್ರ ಬಿಸಿಬಿಸಿ, ಸೋಮವಾರ ಹುಟ್ಟಿದ್ದು.

ಸೋಮವಾರ ಬೆಳಿಗ್ಗೆ ಯಾರೋ ಕಳಿಸಿದ ವಿಡಿಯೋದಲ್ಲಿ ಸಾಕ್ಷಾತ್ ಹಣಕಾಸು ಮಂತ್ರಿಗಳೇ ಮೈಕಿನ ಮುಂದೆ ನಿಂತು, "ಮತ್ತೆ ನಮ್ಮನ್ನು ಗೆಲ್ಲಿಸಿದರೆ ಪ್ರತಿ ಪ್ರಜೆಗೂ ಉಚಿತ ಕನ್ನಡಕ" ಎಂದು ಘೋಷಿಸಿದ್ದರು. ಯಜಮಾನರು ಆಳುವ ಪಕ್ಷದ ಕಟ್ಟಾ ಅಭಿಮಾನಿ. ಆದರೆ ಹೊಟ್ಟೆಯ ಪ್ರಶ್ನೆ ಬಂದಾಗ ಯಾವ ಪಕ್ಷ? ತಕ್ಷಣ ಅಂಗಡಿಯ ಬಾಗಿಲಿಗೆ ಕಪ್ಪು ಬಟ್ಟೆ ಕಟ್ಟಿದರು. (ಲೆನ್ಸ್ ಒರೆಸುವ ಹಳದಿ ಬಟ್ಟೆಯೇ, ಶಾಯಿ ಸುರಿದು ಕಪ್ಪು ಮಾಡಿದ್ದು.) ವರ್ತಕರ ಸಂಘದ ಸಭೆಯಲ್ಲಿ ಮುಕ್ಕಾಲು ಗಂಟೆ ಗುಡುಗಿದರು. ನಾಳೆ ಚಪ್ಪಲಿಗೂ ಇದೇ ಗತಿ ಬಂದರೇನು ಮಾಡಲಿ ಎಂದು ಚಪ್ಪಲಿ ಅಂಗಡಿಯವನು ಕಣ್ಣೀರೇ ಹಾಕಿಬಿಟ್ಟ.

ಸಂಜೆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳು ಆ ವಿಡಿಯೋ ನೋಡಿ ಹುಬ್ಬೇರಿಸಿದಳು.

"ಅಪ್ಪಾ, ಇದು ಎಐ ಮಾಡಿರೋದು. ಮಂತ್ರಿ ಬಲಗೈ ನೋಡು, ಆರು ಬೆರಳು."

"ಕೆಲವರಿಗಿರುತ್ತೆ."

"ಹಾಗಾದ್ರೆ ಅವರ ಕನ್ನಡಕ ನೋಡು. ಎಡಗಿವಿ ಕಡೆ ಕಡ್ಡಿನೇ ಇಲ್ಲ!"

ಯಜಮಾನರು ನೋಡಿದರು. ಇಪ್ಪತ್ತೆಂಟು ವರ್ಷದಿಂದ ಊರಿನ ಕನ್ನಡಕಗಳಿಗೆಲ್ಲ ಕಡ್ಡಿ ಕೂರಿಸಿದ ಮನುಷ್ಯನಿಗೆ, ಗಾಳಿಯಲ್ಲಿ ತೇಲುವ ಕನ್ನಡಕ ಬೆಳಗಿನಿಂದ ಕಣ್ಣಿಗೆ ಬಿದ್ದಿರಲಿಲ್ಲ.

"ಊರಿಗೆಲ್ಲ ನೀವು ಕಣ್ಣು ಪರೀಕ್ಷೆ ಮಾಡ್ತೀರಿ," ಎಂದರು ಪತ್ನಿ. ಅವರು ಹೈಸ್ಕೂಲಿನಲ್ಲಿ ಗಣಿತದ ಟೀಚರು, ಒಗ್ಗರಣೆಯಿಲ್ಲದೆ ಮಾತಾಡುವವರು. "ನಿಮ್ಮದನ್ನ ಯಾರು ಮಾಡಬೇಕು ರೀ?"

ಯಜಮಾನರು ಕುರ್ಚಿಯಿಂದ ದಿಗ್ಗನೆದ್ದರು. "ಕೇಳಿ ಇಬ್ಬರೂ! ಇವತ್ತಿನಿಂದ ಪರದೆ ಮೇಲೆ ಏನೇ ಬರಲಿ, ನನ್ನ ಪಾಲಿಗೆ ಸುಳ್ಳು. ಮಂತ್ರಿ ಬರಲಿ, ಪ್ರಧಾನಿ ಬರಲಿ, ನಾನು ಬಗ್ಗೋನಲ್ಲ. ನಿಜ ಅಂತ ಸಾಬೀತು ಮಾಡೋದು ಅವರ ಕರ್ಮ!"

"ಹವಾಮಾನ ವರದಿ?" ಎಂದಳು ಮಗಳು.

"ಸುಳ್ಳು."

"ಫೋನಲ್ಲಿರೋ ಗಡಿಯಾರ?"

"ಅಂದಾಜು."

ಮಾರನೆಯ ದಿನದಿಂದಲೇ ಸತ್ಯಶೋಧನೆ ಶುರುವಾಯಿತು. ಅವರ ಹೆಂಡತಿಯ ಕಡೆಯವರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು, ಅರವತ್ತೆರಡು ಜನ. ಅದರಲ್ಲಿ ಹೊಸದಾಗಿ ಹುಟ್ಟಿದ ಕೂಸಿನ ಫೋಟೋ ಬಂದರೆ ಯಜಮಾನರು, "ಚರ್ಮ ಅತಿಯಾಗಿ ನುಣುಪಾಗಿದೆ, ಅನುಮಾನ" ಎಂದು ಬರೆದರು. ಕೂಸಿನ ತಾಯಿ ಎರಡು ದಿನ ಮಾತು ಬಿಟ್ಟಳು. ಯಜಮಾನರು ಜಗ್ಗಲಿಲ್ಲ.

ಗುರುವಾರ ಪತ್ನಿ ಚುನಾವಣಾ ಕೆಲಸದ ತರಬೇತಿಗೆ ಹೋಗಿದ್ದರು; ಅಲ್ಲಿ ಫೋನ್ ಒಳಗೆ ಬಿಡುತ್ತಿರಲಿಲ್ಲ. ಮಗಳಿಗೆ ಪರೀಕ್ಷೆ. ಯಜಮಾನರು ಅಂಗಡಿಯಲ್ಲಿ ಒಬ್ಬರೇ ಇದ್ದಾಗ ಅತ್ತೆಯವರಿಂದ ಒಂದು ವಿಡಿಯೋ ಬಂತು.

ಅತ್ತೆಯವರು ದೊಡ್ಡಾಸ್ಪತ್ರೆಯ ನಿವೃತ್ತ ಮೇಟ್ರನ್. ಅವರು ಕಾರಿಡಾರಿಗೆ ಬಂದರೆ ರೋಗಿಗಳ ಜ್ವರ ತಾನಾಗಿ ಇಳಿಯುತ್ತಿತ್ತಂತೆ. ವಿರೋಧ ಪಕ್ಷವೆಂದರೆ ಪ್ರಾಣ. ಎರಡು ವರ್ಷದ ಹಿಂದೆ ಯಜಮಾನರ ಮನೆಯಲ್ಲಿ, ದೇಶ ಹಾಳು ಮಾಡಿದ್ದು ಯಾರು ಎಂಬ ವಿಷಯಕ್ಕೆ ಅಳಿಯನಿಗೂ ಅತ್ತೆಗೂ ಜಗಳ ಹತ್ತಿ ಉರಿದು, ಅತ್ತೆ "ಕನ್ನಡಕ ಮಾರೋರಿಗೆ ಕಣ್ಣೇ ಇಲ್ಲ" ಎಂದು ಹೇಳಿ ಚೀಲ ಎತ್ತಿಕೊಂಡು ಹೊರಟವರು ಮತ್ತೆ ಹೊಸಿಲು ತುಳಿದಿರಲಿಲ್ಲ.

ವಿಡಿಯೋದಲ್ಲಿ ಅವರು ರೈಲಿನ ಕಿಟಕಿಯ ಪಕ್ಕ ಕುಳಿತಿದ್ದರು.

"ಅಳಿಯಂದಿರೇ, ಆವತ್ತು ನಾನು ಮಾತಾಡಿದ್ದು ತಪ್ಪು. ಸರ್ಕಾರ ಬರುತ್ತೆ, ಹೋಗುತ್ತೆ. ನೀವು ನನ್ನ ಮಗಳನ್ನ ಚೆನ್ನಾಗಿ ನೋಡ್ಕೊಂಡಿದೀರಿ. ನನ್ನನ್ನ ಕ್ಷಮಿಸಿಬಿಡಿ. ಎರಡು ಗಂಟೆ ಗಾಡಿಗೆ ಇಳೀತೀನಿ, ಸ್ಟೇಷನ್ನಿಗೆ ಬನ್ನಿ."

ಯಜಮಾನರು ವಿಡಿಯೋವನ್ನು ಇನ್ನೊಮ್ಮೆ ಹಾಕಿ ಕೇಳಿದರು. ಈ ಮಾತಿಗಾಗಿ ಅವರು ಎರಡು ವರ್ಷ ಒಳಗೊಳಗೇ ಕಾದಿದ್ದರು. ಮರುಕ್ಷಣವೇ ಎಚ್ಚೆತ್ತರು. ಕ್ಷಮೆ? ಅತ್ತೆ? ಇಪ್ಪತ್ನಾಲ್ಕು ವರ್ಷದಲ್ಲಿ ಆ ಬಾಯಿಂದ "ಪರವಾಗಿಲ್ಲ" ಎಂಬ ಮಾತು ಕೂಡ ಉದುರಿದ್ದಿಲ್ಲ! ಭೂತಗನ್ನಡಿ ಹಿಡಿದು ಐದು ಸಲ ನೋಡಿದರು. ಬೆರಳು ಐದೇ. ಕಡ್ಡಿ ಎರಡೂ ಇವೆ. ಹಾಗಾದರೆ ಇದು ಬಲು ದೊಡ್ಡ ಮೋಸ!

ವಿಡಿಯೋವನ್ನು ಗುಂಪಿಗೆ ಹಾಕಿ ಕೆಳಗೆ ಬರೆದರು: "ಎಚ್ಚರಿಕೆ! ನಕಲಿ ಅತ್ತೆ! ಬೆರಳು ಸರಿಯಾಗಿದೆ ಎಂದು ಮರುಳಾಗಬೇಡಿ, ಯಂತ್ರ ಈಗ ಕಲಿತುಬಿಟ್ಟಿದೆ. ಆದರೆ ನಮ್ಮ ಅತ್ತೆಯ ಸ್ವಭಾವ ಅದಕ್ಕೆ ಗೊತ್ತಿಲ್ಲ."

ಗುಂಪಿನ ಅಡ್ಮಿನ್ ಅತ್ತೆಯ ತಮ್ಮ, ನಿವೃತ್ತ ಜೈಲರ್. ಅವರಿಂದ ತಕ್ಷಣ ಉತ್ತರ ಬಂತು: "ನನ್ನಕ್ಕ ಕ್ಷಮೆ ಕೇಳೋದಾ? ಹುಟ್ಟಿದಾಗಿಂದ ನೋಡ್ತಿದೀನಿ. ಶುದ್ಧ ನಕಲಿ. ಭೇಷ್ ಅಳಿಯಂದಿರೇ!" ಹಿಂದೆಯೇ ನಲವತ್ತೊಂದು ಚಪ್ಪಾಳೆ ಬಿದ್ದವು. (ಅತ್ತೆಯವರು ಆ ಗುಂಪಿನಲ್ಲಿರಲಿಲ್ಲ. ಅರವತ್ತು ಜನರ ವಾರ್ಡು ನೋಡಿಕೊಂಡದ್ದು ಸಾಕಾಗಿದೆ ಎನ್ನುತ್ತಿದ್ದರು.)

ಎರಡೂಕಾಲಿಗೆ ಫೋನ್ ಹೊಡೆದುಕೊಂಡಿತು. ಪರದೆಯ ತುಂಬ ಅತ್ತೆಯ ಮುಖ.

"ಎಲ್ಲಿದೀರಿ ಅಳಿಯಂದಿರೇ?"

"ಬೆರಳು ತೋರಿಸಿ."

"ಏನು?"

"ಹತ್ತೂ ಬೆರಳು. ನಿಧಾನವಾಗಿ. ಆಮೇಲೆ ಮೂಗಿನ ಮುಂದೆ ಕೈ ಆಡಿಸಿ."

ಅತ್ತೆಯೊಳಗಿನ ಮೇಟ್ರನ್ ಥಟ್ಟನೆ ಎದ್ದು ನಿಂತಳು. ಇದು ಮಿದುಳಿಗೆ ರಕ್ತ ಹೋಗದಿರುವ ಲಕ್ಷಣವೇ ಸೈ.

"ಅಳಿಯಂದಿರೇ, ಗಾಬರಿಯಾಗ್ಬೇಡಿ. ಎಲ್ಲಿ, ಸ್ವಲ್ಪ ನಗಿ. ಬಾಯಿ ಸೊಟ್ಟಗಾಗಿದೆಯಾ? ಎರಡೂ ಕೈ ಮೇಲೆತ್ತಿ!"

"ಕೈ ಎತ್ತೋದಾ? ಯಂತ್ರಕ್ಕೆ ಶರಣಾಗೋ ಮನುಷ್ಯ ನಾನಲ್ಲ! ಹೋಗಿ ನಿಮ್ಮನ್ನ ಮಾಡಿದೋರಿಗೆ ಹೇಳಿ!"

ಯಜಮಾನರು ಕರೆ ಕತ್ತರಿಸಿ, ಆ ನಂಬರನ್ನೇ ಬ್ಲಾಕ್ ಮಾಡಿ, ಎದೆ ಉಬ್ಬಿಸಿ ಕುಳಿತರು.

ಅರ್ಧ ಗಂಟೆಯಲ್ಲಿ ಅಂಗಡಿಯ ಮುಂದೆ ಆಟೋ ನಿಂತಿತು. ಅತ್ತೆಯವರು ಚೀಲವನ್ನು ಆಟೋದಲ್ಲೇ ಬಿಟ್ಟು ಓಡಿ ಬಂದು ಅಳಿಯನ ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದರು. ಹಿಡಿತ ಅಸಲಿಯಾಗಿತ್ತು. ಯಜಮಾನರ ನಾಡಿ ಆಗ ಎಷ್ಟು ಜೋರಾಗಿ ಓಡಿತೆಂದರೆ ಅತ್ತೆಗೆ ನಿಜಕ್ಕೂ ಭಯವಾಯಿತು.

ಸಂಜೆ ಮನೆಯಲ್ಲಿ ಮಗಳು ನಗು ತಡೆಯಲಾಗದೆ ಗುಂಪಿನ ಸಂದೇಶಗಳನ್ನೆಲ್ಲ ಅಜ್ಜಿಯ ಕೈಗೆ ಕೊಟ್ಟಳು. ಪತ್ನಿ ಗಂಡನನ್ನು ನುಂಗುವಂತೆ ನೋಡುತ್ತಿದ್ದರು. ಅತ್ತೆ ಪ್ರತಿ ಅಕ್ಷರವನ್ನೂ ಓದಿದರು, ತಮ್ಮನ ಮಾತನ್ನು ಎರಡು ಸಲ ಓದಿದರು. ಕೊನೆಗೆ ಕನ್ನಡಕ ತೆಗೆದು ಶಾಂತವಾಗಿ ಹೇಳಿದರು:

"ಅಳಿಯಂದಿರು ಸರಿಯಾಗೇ ಕಂಡುಹಿಡಿದಿದಾರೆ. ಇದು ನಕಲಿ."

"ಅತ್ತೆ!"

"ನಾನು ಯಾವತ್ತು ಕ್ಷಮೆ ಕೇಳಿದೀನಿ?"

"ಇಲ್ಲ ಇಲ್ಲ, ಇದು ಅಸಲಿ! ನೋಡಿ, ನಿಮ್ಮದೇ ಧ್ವನಿ, ನಿಮ್ಮದೇ ಬೆರಳು!"

"ಯಂತ್ರ ಕಲಿತುಬಿಟ್ಟಿದೆ ಅಂತ ನೀವೇ ಬರೆದಿದೀರಲ್ಲ."

ಎರಡು ವರ್ಷ ಕಾದು ಸಿಕ್ಕ ಕ್ಷಮೆ ಕಣ್ಣೆದುರೇ ಕೈತಪ್ಪುತ್ತಿತ್ತು. ಆದರೆ ಯಜಮಾನರು ಸೋಲೊಪ್ಪುವವರೇ? ಗುಂಪಿಗೆ ಬರೆದರು: "ಅತ್ತೆಯವರ ಕ್ಷಮಾಪಣೆ ನೂರಕ್ಕೆ ನೂರು ಅಸಲಿ. ತಪ್ಪು ನನ್ನದು."

"ಅಳಿಯಂದಿರು ತಪ್ಪು ಒಪ್ಕೊಳ್ಳೋದಾ?" ಜೈಲರ್ ಮಾವನ ಉತ್ತರ ಬಂತು. "ಯಾರೋ ಅವರ ಫೋನ್ ಕದ್ದಿದಾರೆ. ಎಲ್ಲರೂ ಹುಷಾರು."

ಯಜಮಾನರು ಕೈಮುಗಿದುಕೊಂಡು ತಾವೇ ಮಾತಾಡಿ ವಿಡಿಯೋ ಕಳಿಸಿದರು. "ಇಷ್ಟು ವಿನಯ ಇವರಿಗೆಲ್ಲಿಂದ ಬಂತು?" ಎಂದು ಕೂಸಿನ ತಾಯಿ ಕೇಳಿದಳು. ಅಷ್ಟೇ ಸಾಕಾಯಿತು. ಪರದೆಯ ಮೇಲೆ ಒಂದು ಸಾಲು ಮೂಡಿತು: ನಿಮ್ಮನ್ನು ಗುಂಪಿನಿಂದ ತೆಗೆಯಲಾಗಿದೆ.

ಯಜಮಾನರು ಮೇಜು ಗುದ್ದಿದರು. "ಇದು ಸರ್ವಾಧಿಕಾರ! ಪ್ರಶ್ನೆ ಇಲ್ಲ, ವಿಚಾರಣೆ ಇಲ್ಲ, ಒಬ್ಬ ಮನುಷ್ಯ ಕೂತಲ್ಲೇ ತೀರ್ಮಾನ ಮಾಡೋದಾ? ಕೇಳೋರೇ ಇಲ್ವಾ?"

ಅತ್ತೆ ಟೀ ಲೋಟ ಕೆಳಗಿಟ್ಟು ಪ್ರೀತಿಯಿಂದ ಅಳಿಯನ ಕಡೆ ನೋಡಿದರು.

"ಎರಡು ವರ್ಷದ ಹಿಂದೆ ನಿಮ್ಮ ಸರ್ಕಾರದ ಬಗ್ಗೆ ನಾನು ಇದನ್ನೇ ಅಲ್ವಾ ಹೇಳಿದ್ದು, ಅಳಿಯಂದಿರೇ?"