ಎಂಟೆಳೆಯ ವೈರು

ಕಂಪ್ಯೂಟರಿನ ಪರದೆಯ ಮೇಲೆ ‘ಕಾಪಿ ಮುಗಿಯಲು ಇನ್ನು ಐದೂವರೆ ಗಂಟೆ’ ಎಂದು ಮೂಡಿದ್ದೇ ತಡ, ತಿಮ್ಮೇಶ ಗಡಿಯಾರ ನೋಡಿದ. ಭಾನುವಾರ ಬೆಳಿಗ್ಗೆ ಹನ್ನೊಂದು. ಅದಕ್ಕೆ ಐದೂವರೆ ಸೇರಿಸಿದರೆ ಸಂಜೆ ನಾಲ್ಕೂವರೆ. ನಾಲ್ಕೂವರೆಗೆ ರಾಹುಕಾಲ ಶುರು. ಅದರೊಳಗೆ ಅವನು ಹರಿಹರದಲ್ಲಿ ಹೆಣ್ಣು ನೋಡಿ ಮುಗಿಸಬೇಕಿತ್ತು.

ಇದು ಮೂರನೆಯ ಹುಡುಗಿ. ಮೊದಲಿನ ಇಬ್ಬರನ್ನು ಪಾಪ ಅವನು ನೋಡಿಯೇ ಇರಲಿಲ್ಲ; ಎರಡು ಸಲವೂ ಸ್ಟುಡಿಯೋ ಕೆಲಸ ಮುಗಿಯದೆ ದಾವಣಗೆರೆಯಲ್ಲೇ ಉಳಿದಿದ್ದ. “ಈ ಸಲಾನೂ ತಪ್ಪಿಸಿದ್ರೆ ನಿನ್ನ ಹೆಣ್ಣು ನೀನೇ ಹುಡುಕ್ಕ, ನನ್ನ ಹೆಸರು ಎತ್ತಬ್ಯಾಡ,” ಎಂದು ಸೋದರತ್ತೆ ಕೆಂಚಕ್ಕ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು. ಆಕೆ ಹೇಳಿದ್ದನ್ನು ಮಾಡುವವಳೇ.

ಅವನು ದುಡಿಯುತ್ತಿದ್ದ ಎಂ.ಸಿ.ಸಿ. ಬಡಾವಣೆಯ ಆ ಸ್ಟುಡಿಯೋ ತೆಗೆದ ಮದುವೆ ವಿಡಿಯೋಗಳೆಲ್ಲ ಮಹಡಿ ಮೇಲಿನ ಕೋಣೆಯ ಒಂದು ಕಪ್ಪು ಪೆಟ್ಟಿಗೆಯಲ್ಲಿದ್ದವು. ಅದಕ್ಕೆ ಸರ್ವರ್ ಎಂದು ಹೆಸರು. ಅಲ್ಲಿಂದ ಕೆಳಗಿನ ಕಂಪ್ಯೂಟರಿಗೆ ಒಂದು ನೀಲಿ ವೈರು.

“ಗಿರಾಕಿ ಮೂರಕ್ಕೆ ಬರ್ತಾರೆ. ಅವರ ಮದುವೆ ಪೂರ್ತಿ ಡಿಸ್ಕಿಗೆ ತುಂಬಿ ಕೈಗೆ ಕೊಟ್ಟು, ಆಮ್ಯಾಲೆ ಎಲ್ಲಿಗಾದ್ರೂ ಹೋಗು,” ಎಂದರು ಯಜಮಾನ ನಾಗರಾಜಪ್ಪ.

“ಸರ್, ಸೆಕೆಂಡಿಗೆ ನೂರು ಎಂಬಿ ಬರಬೇಕು. ಬರೇ ಹನ್ನೊಂದು ಬರ್ತೈತೆ. ಯಾಕ ಅಂತೀನಿ?”

ಊಟ ಬಿಟ್ಟಾನು, ಈ ‘ಯಾಕ’ ಬಿಡುವ ಆಸಾಮಿ ತಿಮ್ಮೇಶನಲ್ಲ. ಪೆಟ್ಟಿಗೆ ಆರಿಸಿ ಹಚ್ಚಿದ. ಹನ್ನೊಂದೇ. ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದ. ಅಲ್ಲೂ ಹನ್ನೊಂದೇ. ಪಕ್ಕದ ಟೈಲರ್ ಸಿದ್ದೇಶ್ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು ಇಣುಕಿದ.

“ನಮ್ಮ ಮಷಿನ್ ಹಿಂಗೇ ಮಾಡಿದ್ರೆ ನಾಲ್ಕು ಹನಿ ಎಣ್ಣೆ ಬಿಡ್ತೀನಿ. ತರ್ಲಾ?”

“ಬ್ಯಾಡ್ರಿ ಸಿದ್ದೇಶಣ್ಣ, ಕೈ ಮುಗೀತೀನಿ!”

ಸಿದ್ದೇಶ್ ಮಾತು ಕೇಳದೆ ಎಣ್ಣೆ ತರುವಷ್ಟರಲ್ಲಿ ತಿಮ್ಮೇಶ ವೈರಿನ ಜಾಡು ಹಿಡಿದು ಹೊರಟಿದ್ದ. ವೈರು ಕಿಟಕಿ ದಾಟಿ, ಗೋಡೆ ಬಿಟ್ಟು, ಹಿತ್ತಲಿನ ಮೇಲೆ ಹಾದು ಮಹಡಿಗೆ ಹೋಗಿತ್ತು. ಹಿತ್ತಲಲ್ಲಿ ನೋಡಿದರೆ ವೈರು ಕಾಣಿಸಲೇ ಇಲ್ಲ. ಎರಡು ಒದ್ದೆ ಕೌದಿ ಮತ್ತು ಹಸಿರು ಅಂಚಿನ ಸೀರೆ ಕಂಡವು.

“ಹಂಪವ್ವಾರೆ, ಇದು ನಮ್ಮ ಸರ್ವರ್ ವೈರು!” ಎಂದು ತಿಮ್ಮೇಶ ಅರಚಿದ.

ಹಿಂದಿನ ಮನೆಯ ಹಂಪವ್ವ ಗಾಬರಿಯಾಗಲಿಲ್ಲ. “ಆರು ತಿಂಗಳಾತು ನೋಡಪ್ಪ ಒಣಗಾಕಿ. ಭಾಳ ಗಟ್ಟಿ ಐತೆ, ಹಗ್ಗಕ್ಕಿಂತ ಚಲೋ.”

ತಿಮ್ಮೇಶ ವೈರಿನ ತುದಿ ಬಿಚ್ಚಿ ಪರೀಕ್ಷಿಸಿದ. ಒಳಗೆ ಎಂಟು ಎಳೆ. ಕೌದಿಯ ಭಾರಕ್ಕೆ ಅವುಗಳಲ್ಲಿ ಎರಡು ಎಳೆ ಕಡಿದುಹೋಗಿದ್ದವು. ಹಾಗಾದಾಗ ವೈರು ಪೂರಾ ಸಾಯುವುದಿಲ್ಲ, ಉಳಿದ ಆರರಲ್ಲಿ ನಾಲ್ಕನ್ನೇ ಬಳಸಿ ಕುಂಟುತ್ತ ಸಾಗುತ್ತದೆ. ಗುಟ್ಟು ಸಿಕ್ಕ ಖುಷಿಗೆ ಅವನು ಹರಿಹರವನ್ನೂ ಒಂದು ಕ್ಷಣ ಮರೆತ. ಹೊಸ ವೈರು ಗೋಡೆಗೆ ಬಡಿದ. ಹಂಪವ್ವನ ಕಾಟಕ್ಕೆ ಒಂದು ಹಗ್ಗವನ್ನೂ ಕಟ್ಟಿಕೊಟ್ಟ. ವೇಗ ನೂರಹತ್ತಕ್ಕೇರಿತು. ಅರ್ಧ ಗಂಟೆಯಲ್ಲಿ ಕಾಪಿ ಮುಗಿದು, ಮೂರಕ್ಕೆ ಡಿಸ್ಕು ಗಿರಾಕಿಯ ಕೈ ಸೇರಿತು. ಮೂರೂ ಮುಕ್ಕಾಲಿಗೆ ತಿಮ್ಮೇಶ ತಲೆ ಬಾಚಿಕೊಂಡು ಹರಿಹರದ ಸೂರಪ್ಪನ ನಡುಮನೆಯಲ್ಲಿ ಕೂತಿದ್ದ. ಮೊದಲೇ ಬಂದು ಕೂತಿದ್ದ ಕೆಂಚಕ್ಕನ ಮುಖ ಅರಳಿತು.

“ಏನ್ ಕೆಲ್ಸ ಮಾಡ್ತೀಯಪ್ಪಾ?” ಹುಡುಗಿಯ ತಂದೆ ಸೂರಪ್ಪ ಕೇಳಿದ. ಮುಂದುಗಡೆ ಅವನದು ಪೈಪಿನ ಅಂಗಡಿ, ಹಿಂದುಗಡೆ ಮನೆ.

ಸ್ಟುಡಿಯೋ ಎಂದರೆ ಸಾಕಿತ್ತು. ತಿಮ್ಮೇಶ ಎಂಟು ಎಳೆಯ ಕತೆ ಕೌದಿ ಸಮೇತ ಹೇಳಿದ. ಸೂರಪ್ಪನ ಕಣ್ಣು ಹೊಳೆದವು.

“ಹಂಗಾರೆ ನಮ್ಮ ಅಂಗಡಿ ಕ್ಯಾಮೆರಾ ಈ ಟೀವ್ಯಾಗೆ ನಿಂತು ನಿಂತು ಬರ್ತೈತಲ್ಲ, ಅದು ಯಾಕ?”

“ಯಾಕ?” ಎಂದುಕೊಂಡೇ ತಿಮ್ಮೇಶ ಎದ್ದ. ಕೆಂಚಕ್ಕ ಅಂಗಿ ಹಿಡಿದು ಜಗ್ಗಿದಳು. “ಐದೇ ನಿಮಿಷ ಅತ್ತಿ,” ಎಂದವನೇ ಒಳಕೋಣೆಯ ಮಂಚದ ಕೆಳಗೆ ತೂರಿದ. ಅಕ್ಕಿ ಚೀಲಗಳ ಸಂದಿಯಲ್ಲಿ ವೈರು ಓಡಿತ್ತು. ಮಂಚದ ಕಾಲು ಅದನ್ನು ಅಪ್ಪಚ್ಚಿ ಮಾಡಿತ್ತು. ಕತ್ತರಿಸಿ ಎಳೆಗೆ ಎಳೆ ಜೋಡಿಸತೊಡಗಿದ. ನಡುವೆ ಕಾಲ್ಗೆಜ್ಜೆಯ ಸದ್ದು ಹತ್ತಿರ ಬಂದು ನಿಂತಿತು, ಸ್ವಲ್ಪ ಹೊತ್ತಿಗೆ ಹೋಯಿತು. ಮನೆಯವರು ಯಾರೋ ಓಡಾಡುತ್ತಿರಬೇಕು ಎಂದುಕೊಂಡ.

“ಬಂತು! ಬಂತು!” ಸೂರಪ್ಪ ಹೊರಗಿನಿಂದ ಕೂಗಿದ.

ತಲೆ ತುಂಬ ಜೇಡರ ಬಲೆ ಹೊತ್ತು ತಿಮ್ಮೇಶ ಗೆದ್ದವನಂತೆ ಹೊರಬಂದ. ಗಡಿಯಾರ ನಾಲ್ಕೂ ಮೂವತ್ತೈದು ತೋರಿಸುತ್ತಿತ್ತು.

“ಹುಡುಗಿ ಎಲ್ಲಿ ಅತ್ತಿ?”

“ಬಂದು ಹೋದ್ಲು ಕಣೋ!” ಕೆಂಚಕ್ಕ ಹಲ್ಲು ಕಡಿದಳು. “ಮಂಡಕ್ಕಿ ತಟ್ಟೆ ಹಿಡ್ಕೊಂಡು ಐದು ನಿಮಿಷ ಮಂಚದ ಮುಂದೆ ನಿಂತಿದ್ಲು. ಇನ್ನ ರಾಹುಕಾಲ, ಹೊರಗೆ ಬರಂಗಿಲ್ಲ.”

ಸೂರಪ್ಪನಿಗೆ ಮಾತ್ರ ಹುಡುಗ ಹಿಡಿಸಿಬಿಟ್ಟಿದ್ದ. “ಅವಳು ನೋಡ್ಯಾಳಲ್ಲ, ಸಾಕು ಬಿಡ್ರಿ. ಏನವ್ವಾ ಲತಾ, ಹುಡುಗ ಹೆಂಗದಾನೆ?”

ಒಳಬಾಗಿಲ ಪರದೆಯ ಹಿಂದಿನಿಂದ ದನಿ ಬಂತು. “ಎರಡು ಕಾಲು ಕಂಡ್ವಪ್ಪ, ಚಲೋ ಅದಾವು. ಆದ್ರೆ ತಾಳಿ ಕಟ್ಟೋ ಹೊತ್ನಾಗೆ ಛತ್ರದ ಮೈಕಿನ ವೈರು ಹಿಡ್ಕೊಂಡು ಹೋದ್ರೆ ನಾನೇನು ಮಾಡ್ಲಿ? ನಂಗೆ ಬ್ಯಾಡ.”

ತಿಮ್ಮೇಶನಿಗೆ ನಿಜಕ್ಕೂ ದುಃಖವಾಯಿತು. ಇನ್ನು ಮುಂದೆ ಹಾಗೆ ಮಾಡುವುದಿಲ್ಲ, ಆಣೆ ಮಾಡುತ್ತೇನೆ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಸೂರಪ್ಪ ಟೀವಿಗೆ ಕಿವಿಗೊಟ್ಟು, “ಚಿತ್ರ ಬಂತು ಖರೆ. ದನಿ ಯಾಕ ಬರ್ತಿಲ್ಲ?” ಎಂದ.

ಬಾಯಿ ಹಾಗೇ ತೆರೆದಿತ್ತು. ಕಾಲುಗಳು ಆಗಲೇ ಮಂಚದ ಕಡೆ ಹೊರಟಿದ್ದವು.